ಆಕ್ಸಿಲರೇಟ್ ಅಂದರೆ ನಿಜಕ್ಕೂ ಏನು ಹೆಚ್ಚುತ್ತದೆ?

ಹಣದುಬ್ಬರ ಇಳಿಯಿತು ಅಂತ ಬೆಳಿಗ್ಗೆ ಪೇಪರಿನಲ್ಲಿ ಓದುತ್ತೇವೆ. ಸಂಜೆ ಅಂಗಡಿಗೆ ಹೋದರೆ ಬೇಳೆ, ಎಣ್ಣೆ, ಅಕ್ಕಿ ಯಾವುದರ ರೇಟೂ ಇಳಿದಿರುವುದಿಲ್ಲ. ಪೇಪರಿನವರು ಬರೆದದ್ದು ಸುಳ್ಳಲ್ಲ, ಅಂಗಡಿಯವರು ಹೇಳಿದ ರೇಟೂ ಸುಳ್ಳಲ್ಲ. ಹಾಗಾದರೆ ಎಡವಟ್ಟಾಗಿದ್ದು ಎಲ್ಲಿ? ಇಂಥ ಸುದ್ದಿಗಳಿಗೆ ಇಂಗ್ಲಿಷ್ ಪತ್ರಿಕೆಗಳು ಬಳಸುವ ಒಂದು ಕ್ರಿಯಾಪದ ಇದೆ: ಆಕ್ಸಿಲರೇಟ್. ಅದರ ಎದುರು ಪದ ಡಿಸೆಲರೇಟ್. ಈ ಎರಡು ಪದ ಸರಿಯಾಗಿ ಅರ್ಥವಾದರೆ ಈ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಿಘಂಟು ತೆಗೆದರೆ ‘ವೇಗ ಹೆಚ್ಚಾಗು, ವೇಗ ಹೆಚ್ಚಿಸು’ ಅಂತ ಇರುತ್ತದೆ. ಅರ್ಥ ಸರಿಯೇ ಇದೆ. ಆದರೆ ಅದನ್ನು ಓದಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವುದು ‘ಜೋರಾಗಿ ಹೋಗು’ ಅನ್ನುವ ಅರ್ಥ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಪಿಕಪ್ ಬೇರೆ, ಸ್ಪೀಡ್ ಬೇರೆ

ಯಾರಾದರೂ ಹೊಸ ಬೈಕ್ ತಗೊಂಡರೆ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, “ಪಿಕಪ್ ಹೇಗಿದೆ?” ಸಿಗ್ನಲ್‌ನಲ್ಲಿ ನಿಂತಿದ್ದ ಗಾಡಿ ಹಸಿರು ದೀಪ ಬಂದ ಮೇಲೆ ಎಷ್ಟು ಬೇಗ 40ಕ್ಕೆ ಮುಟ್ಟುತ್ತದೆ ಅನ್ನುವುದು ಪಿಕಪ್. ಪೂರ್ತಿ ಓಡಿಸಿದರೆ ಎಷ್ಟು ಸ್ಪೀಡು ಹೋಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಟಾಪ್ ಸ್ಪೀಡ್ ಜಾಸ್ತಿ ಇದ್ದು ಪಿಕಪ್ ಕಮ್ಮಿ ಇರುವ ಗಾಡಿಗಳಿವೆ. ಪಿಕಪ್ ಜೋರಾಗಿದ್ದು ಟಾಪ್ ಸ್ಪೀಡ್ ಕಮ್ಮಿ ಇರುವ ಗಾಡಿಗಳೂ ಇವೆ. ಇಂಗ್ಲಿಷಿನಲ್ಲಿ ಆಕ್ಸಿಲರೇಶನ್ ಅನ್ನುವುದು ನಮ್ಮ ಈ ಪಿಕಪ್ಪನ್ನೇ.

ಇದನ್ನು ಒಪ್ಪಿಕೊಂಡರೆ ಒಂದು ವಿಚಿತ್ರವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ನೇರವಾದ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗುತ್ತಿರುವ ಕಾರು ಆಕ್ಸಿಲರೇಟ್ ಆಗುತ್ತಿಲ್ಲ. ಅದರ ಆಕ್ಸಿಲರೇಶನ್ ಸೊನ್ನೆ. ಅದೇ ಹೊತ್ತಿಗೆ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಆಗಷ್ಟೇ ಹೊರಟು 5, 10, 15 ಅಂತ ಏರುತ್ತಿರುವ ಆಟೊ ಆಕ್ಸಿಲರೇಟ್ ಆಗುತ್ತಿದೆ.

ಗಾಡಿಯ ಮೀಟರನ್ನೇ ನೋಡಿ. ಅಲ್ಲಿ ಮೂರು ವಿಷಯ ಕಾಣುತ್ತವೆ. ಇಲ್ಲಿಯವರೆಗೆ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಅನ್ನುವ ಅಂಕಿ ಒಂದು. ಈಗ ಎಷ್ಟು ವೇಗದಲ್ಲಿದೆ ಅಂತ ತೋರಿಸುವ ಮುಳ್ಳು ಎರಡನೆಯದು. ಆ ಮುಳ್ಳು ಮೇಲಕ್ಕೆ ಏರುತ್ತಿದೆಯೋ, ಕೆಳಗೆ ಇಳಿಯುತ್ತಿದೆಯೋ, ನಿಂತಲ್ಲೇ ನಿಂತಿದೆಯೋ ಅನ್ನುವುದು ಮೂರನೆಯದು. ಆಕ್ಸಿಲರೇಟ್ ಅನ್ನುವ ಪದಕ್ಕೆ ಸಂಬಂಧ ಇರುವುದು ಈ ಮೂರನೆಯದರ ಜೊತೆ ಮಾತ್ರ. ಮುಳ್ಳು 20ರಿಂದ 30ಕ್ಕೆ ಏರಿದರೂ ಅದು ಆಕ್ಸಿಲರೇಟ್, 90ರಿಂದ 100ಕ್ಕೆ ಏರಿದರೂ ಆಕ್ಸಿಲರೇಟ್. ಮುಳ್ಳು ಇಳಿಯುತ್ತಿದ್ದರೆ ಡಿಸೆಲರೇಟ್. ಆಗಲೂ ಗಾಡಿ ಮುಂದಕ್ಕೇ ಹೋಗುತ್ತಿರುತ್ತದೆ, ಒಟ್ಟು ಕಿಲೋಮೀಟರ್ ಏರುತ್ತಲೇ ಇರುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಹಣದುಬ್ಬರದ ಒಗಟಿಗೆ ಉತ್ತರ ಅಲ್ಲೇ ಇದೆ.

ಕಾರಿನ ಜಾಹೀರಾತಿನಲ್ಲಿ ‘ಸೊನ್ನೆಯಿಂದ ನೂರಕ್ಕೆ 10 ಸೆಕೆಂಡು’ ಅಂತ ಹಾಕಿರುತ್ತಾರಲ್ಲ, ಅದೂ ಪಿಕಪ್ಪಿನ ಲೆಕ್ಕವೇ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 27.8 ಮೀಟರ್. ಅದನ್ನು 10 ಸೆಕೆಂಡಿಗೆ ಹಂಚಿದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ ಸುಮಾರು 2.8 ಮೀಟರಿನಷ್ಟು ಏರುತ್ತದೆ ಅಂತಾಯಿತು. ಎಲೆಕ್ಟ್ರಿಕ್ ಸ್ಕೂಟರ್ ಓಡಿಸಿದವರು ಹೊರಡುವಾಗಲೇ ‘ಎಳೆಯುತ್ತೆ’ ಅನ್ನುತ್ತಾರೆ. ಪೆಟ್ರೋಲ್ ಇಂಜಿನ್ ಪೂರ್ತಿ ಬಲ ಕೊಡಬೇಕಾದರೆ ಸ್ವಲ್ಪ ಜೋರಾಗಿ ತಿರುಗಬೇಕು. ಎಲೆಕ್ಟ್ರಿಕ್ ಮೋಟಾರು ನಿಂತ ಜಾಗದಿಂದಲೇ ಹೆಚ್ಚುಕಮ್ಮಿ ಪೂರ್ತಿ ಬಲ ಕೊಡುತ್ತದೆ. ಟಾಪ್ ಸ್ಪೀಡ್ ಸಾಧಾರಣ ಇದ್ದರೂ ಪಿಕಪ್ ಚೆನ್ನಾಗಿ ಅನ್ನಿಸುವುದು ಅದಕ್ಕೇ.

ಜೋಗದಲ್ಲಿ ಬೀಳುವ ನೀರು

ಆಕ್ಸಿಲರೇಶನ್ನಿಗೆ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕಗಳಲ್ಲಿ ‘ವೇಗೋತ್ಕರ್ಷ’ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಯಿತು ಅನ್ನುವುದಷ್ಟೇ ಅದು.

ಇದನ್ನು ಅಳೆದು ತೋರಿಸಿದವರಲ್ಲಿ ದೊಡ್ಡ ಹೆಸರು ಇಟಲಿಯ ಗೆಲಿಲಿಯೋ. ಮೇಲಿನಿಂದ ಬಿಟ್ಟ ಕಲ್ಲು ಕಣ್ಣಿಗೆ ಸಿಗದಷ್ಟು ಬೇಗ ಬಿದ್ದುಬಿಡುತ್ತದೆ. ಅವನ ಕಾಲದಲ್ಲಿ ಸೆಕೆಂಡು ತೋರಿಸುವ ಕರಾರುವಾಕ್ಕಾದ ಗಡಿಯಾರವೂ ಇರಲಿಲ್ಲ. ಅದಕ್ಕೆ ಅವನು ಇಳಿಜಾರಾದ ಹಲಗೆಯ ಮೇಲೆ ಗುಂಡು ಉರುಳಿಸಿದ. ಹೊತ್ತು ಅಳೆಯಲು ಪಾತ್ರೆಯಿಂದ ಸಣ್ಣಗೆ ಹರಿಯುವ ನೀರನ್ನು ಹಿಡಿದು ತೂಕ ಮಾಡಿದ. ಗುಂಡು ಒಂದೇ ವೇಗದಲ್ಲಿ ಉರುಳುವುದಿಲ್ಲ, ಹೊತ್ತು ಕಳೆದಂತೆ ಅದರ ವೇಗ ಸಮನಾಗಿ ಏರುತ್ತಾ ಹೋಗುತ್ತದೆ ಅಂತ ಅವನಿಗೆ ಕಂಡಿತು. 1638ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಪ್ರಯೋಗದ ವಿವರ ಇದೆ.

ನಮಗೆ ಗೊತ್ತಿರುವ ಜಾಗದಲ್ಲಿ ಈ ಲೆಕ್ಕ ಹಾಕಿ ನೋಡೋಣ. ಜೋಗದಲ್ಲಿ ರಾಜಾ ಧಾರೆ 253 ಮೀಟರ್ ಮೇಲಿನಿಂದ ಬೀಳುತ್ತದೆ. ಭೂಮಿಯ ಸೆಳೆತದಲ್ಲಿ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ಗಾಳಿಯ ತಡೆ ಇಲ್ಲ ಅಂದುಕೊಂಡರೆ, ತುದಿ ಬಿಟ್ಟ ನೀರು ಮೊದಲ ಸೆಕೆಂಡಿನಲ್ಲಿ ಇಳಿಯುವುದು ಬರೀ 4.9 ಮೀಟರ್. ಎರಡನೇ ಸೆಕೆಂಡಿನಲ್ಲಿ 14.7 ಮೀಟರ್. ಮೂರನೆಯದರಲ್ಲಿ 24.5 ಮೀಟರ್. ಒಂದಕ್ಕೆ ಮೂರು, ಐದು, ಏಳು ಅಂತ ಬೆಸ ಸಂಖ್ಯೆಗಳ ಲೆಕ್ಕದಲ್ಲಿ ಇಳಿತ ಹೆಚ್ಚುತ್ತಾ ಹೋಗುತ್ತದೆ. ಹೀಗೆ ಲೆಕ್ಕ ಹಾಕಿದರೆ ಏಳು ಸೆಕೆಂಡು ದಾಟುವಷ್ಟರಲ್ಲಿ ನೀರು ತಳ ಮುಟ್ಟಬೇಕು. ಆಗ ಅದರ ವೇಗ ಗಂಟೆಗೆ ಸುಮಾರು 250 ಕಿ.ಮೀ. ಆಗಿರಬೇಕು. ನಿಜವಾಗಿ ನೋಡಿದರೆ ನೀರು ದಾರಿಯಲ್ಲೇ ಹನಿಹನಿಯಾಗಿ ಒಡೆಯುತ್ತದೆ, ಗಾಳಿ ಅದನ್ನು ತಡೆಯುತ್ತದೆ, ಅಷ್ಟು ವೇಗ ಬರುವುದಿಲ್ಲ. ಮಂಜಿನ ಹಾಗೆ ಎದ್ದು ಮುಖಕ್ಕೆ ರಾಚುವ ತುಂತುರಿಗೆ ಆ ತಡೆಯೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ್ದು ಇಷ್ಟು. 9.8 ಅನ್ನುವುದು ನೀರಿನ ವೇಗ ಅಲ್ಲ. ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ. ಬದಲಾಗದೆ ಉಳಿದಿರುವುದು ಆ ಬದಲಾವಣೆಯ ದರ. ‘ಸೆಕೆಂಡಿಗೆ, ಸೆಕೆಂಡಿಗೆ’ ಅಂತ ಎರಡು ಸಲ ಹೇಳುವುದು ಮಕ್ಕಳಿಗೆ ಅಚ್ಚಿನ ತಪ್ಪು ಅನ್ನಿಸಬಹುದು. ಮೊದಲನೆಯ ಸೆಕೆಂಡು ವೇಗಕ್ಕೆ ಸೇರಿದ್ದು, ಎರಡನೆಯದು ಆ ವೇಗ ಬದಲಾಗಲು ಹಿಡಿದ ಹೊತ್ತಿಗೆ ಸೇರಿದ್ದು.

ಬ್ರೇಕ್ ಹಾಕಿದರೂ ಆಕ್ಸಿಲರೇಶನ್!

ದಿನನಿತ್ಯದ ಇಂಗ್ಲಿಷಿನಲ್ಲಿ ಆಕ್ಸಿಲರೇಟ್ ಅಂದರೆ ವೇಗ ಏರುವುದು, ಡಿಸೆಲರೇಟ್ ಅಂದರೆ ಇಳಿಯುವುದು. ಭೌತವಿಜ್ಞಾನದಲ್ಲಿ ಮಾತ್ರ ಏರಿದರೂ, ಇಳಿದರೂ, ದಿಕ್ಕು ತಿರುಗಿದರೂ ಆಕ್ಸಿಲರೇಶನ್ ಅಂತಲೇ ಲೆಕ್ಕ. ಇದು ಪಿಯುಸಿ ಮಕ್ಕಳನ್ನು ಬಹಳ ಕಾಡುವ ವಿಷಯ. ವಿಜ್ಞಾನಿಗಳು ಹೀಗೆ ಒಂದೇ ಪದದಲ್ಲಿ ಮೂರನ್ನೂ ಸೇರಿಸಿದ್ದು ಯಾಕೆ?

ಕಾರಣ ತಿಳಿಯಬೇಕಾದರೆ 2023ರ ಆಗಸ್ಟ್ 23ರ ಸಂಜೆಯನ್ನು ನೆನಪಿಸಿಕೊಳ್ಳಿ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದ ಸಂಜೆ ಅದು. ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೇಂದ್ರದ ಪರದೆಗಳನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಇಳಿಯಲು ಶುರು ಮಾಡಿದಾಗ ಲ್ಯಾಂಡರ್ ಸುಮಾರು 30 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 1.68 ಕಿ.ಮೀ. ವೇಗದಲ್ಲಿತ್ತು. ಗಂಟೆಯ ಲೆಕ್ಕಕ್ಕೆ ತಂದರೆ ಸುಮಾರು 6,000 ಕಿ.ಮೀ. ಆಗುತ್ತದೆ. ಸುಮಾರು 19 ನಿಮಿಷದಲ್ಲಿ ಅದನ್ನು ಹೆಚ್ಚುಕಮ್ಮಿ ಸೊನ್ನೆಗೆ ತರಬೇಕಿತ್ತು.

ಚಂದ್ರನ ಮೇಲೆ ಗಾಳಿ ಇಲ್ಲ. ಪ್ಯಾರಾಚೂಟ್ ಕೆಲಸಕ್ಕೆ ಬರುವುದಿಲ್ಲ. ಚಕ್ರ ಉಜ್ಜಿ ನಿಲ್ಲಿಸಲು ರಸ್ತೆಯೂ ಇಲ್ಲ. ಇದ್ದ ದಾರಿ ಒಂದೇ: ಹೋಗುತ್ತಿರುವ ದಿಕ್ಕಿಗೆ ಬೆಂಕಿ ಉಗುಳುವಂತೆ ಇಂಜಿನ್ನುಗಳನ್ನು ತಿರುಗಿಸಿ ಹಚ್ಚುವುದು. ಆಗ ತಳ್ಳು ಹಿಂದಕ್ಕೆ ಬೀಳುತ್ತದೆ. ಅಂದರೆ ವೇಗ ಇಳಿಸುವುದಕ್ಕೂ ವೇಗ ಏರಿಸುವಾಗ ಉರಿಸುವ ಅದೇ ಇಂಜಿನ್, ಅದೇ ಇಂಧನ, ಅದೇ ಲೆಕ್ಕ. ಬದಲಾದದ್ದು ದಿಕ್ಕು ಮಾತ್ರ. ಭೌತವಿಜ್ಞಾನದ ಕಣ್ಣಿಗೆ ಎರಡೂ ಒಂದೇ ಕೆಲಸವಾಗಿ ಕಾಣುವುದರಿಂದ ಎರಡಕ್ಕೂ ಒಂದೇ ಹೆಸರು.

ನಮ್ಮ ಮೈಗೂ ಇದು ಗೊತ್ತು. ಬಸ್ಸು ಹೊರಟಾಗ ಹಿಂದಕ್ಕೆ ವಾಲುತ್ತೇವೆ, ಬ್ರೇಕ್ ಹಾಕಿದಾಗ ಮುಂದಕ್ಕೆ, ಘಾಟಿಯ ತಿರುವಿನಲ್ಲಿ ಪಕ್ಕಕ್ಕೆ. ವಿಮಾನ ಗಂಟೆಗೆ 800 ಕಿ.ಮೀ. ದಾಟಿ ಹೋಗುತ್ತಿದ್ದರೂ ಕಪ್ಪಿನ ಕಾಫಿ ಅಲುಗಾಡುವುದಿಲ್ಲ. ವೇಗ ಎಷ್ಟೇ ಇದ್ದರೂ ಮೈಗೆ ತಿಳಿಯುವುದಿಲ್ಲ, ವೇಗದ ಬದಲಾವಣೆ ತಿಳಿಯುತ್ತದೆ. ಮೊಬೈಲಿನ ಒಳಗೆ ಆಕ್ಸಿಲರೋಮೀಟರ್ ಅನ್ನುವ ಪುಟ್ಟ ಚಿಪ್ ಇದೆ, ಅದು ಮಾಡುವುದೂ ಇದೇ ಕೆಲಸ. ಫೋನ್ ಅಡ್ಡ ಹಿಡಿದಾಗ ಪರದೆ ತಿರುಗುವುದು, ನಡೆದ ಹೆಜ್ಜೆ ಲೆಕ್ಕವಾಗುವುದು ಅದರಿಂದಲೇ.

ಬೆಲೆ ಏರುತ್ತಿದ್ದರೂ ಹಣದುಬ್ಬರ ಇಳಿಯುವುದು ಹೇಗೆ

ಈಗ ಪೇಪರಿನ ಒಗಟಿಗೆ ಬರೋಣ. ಗಾಡಿಯ ಮೀಟರನ್ನೇ ಇಲ್ಲಿಗೂ ತನ್ನಿ. ಅಂಗಡಿಯ ಬೆಲೆ ಅನ್ನುವುದು ಒಟ್ಟು ಓಡಿದ ಕಿಲೋಮೀಟರ್. ಹಣದುಬ್ಬರ ಅನ್ನುವುದು ವೇಗದ ಮುಳ್ಳು, ಅಂದರೆ ವರ್ಷಕ್ಕೆ ಶೇಕಡಾ ಎಷ್ಟರಂತೆ ಬೆಲೆ ಏರುತ್ತಿದೆ ಅನ್ನುವುದು. ಹಣದುಬ್ಬರ ಆಕ್ಸಿಲರೇಟ್ ಆಯಿತು ಅಂದರೆ ಮುಳ್ಳು ಮೇಲಕ್ಕೆ ಹೋಯಿತು ಅಂತ ಅರ್ಥ.

ಕೆಜಿಗೆ 60 ರೂಪಾಯಿಯ ಅಕ್ಕಿ ಅಂದುಕೊಳ್ಳಿ. ಮೊದಲ ವರ್ಷ ಶೇ. 5ರಷ್ಟು ಏರಿ 63 ಆಯಿತು. ಎರಡನೇ ವರ್ಷ ಶೇ. 7ರಷ್ಟು ಏರಿ ಸುಮಾರು 67 ರೂಪಾಯಿ 40 ಪೈಸೆ ಆಯಿತು. ಏರಿಕೆಯ ದರ 5ರಿಂದ 7ಕ್ಕೆ ಹೋಯಿತಲ್ಲ, ಇದನ್ನು ಇಂಗ್ಲಿಷ್ ಪತ್ರಿಕೆ ಆಕ್ಸಿಲರೇಟೆಡ್ ಅನ್ನುತ್ತದೆ. ಮೂರನೇ ವರ್ಷ ಶೇ. 4ರಷ್ಟು ಮಾತ್ರ ಏರಿತು. ಪತ್ರಿಕೆ ಡಿಸೆಲರೇಟೆಡ್ ಅನ್ನುತ್ತದೆ, ಕನ್ನಡ ಪತ್ರಿಕೆ ‘ಹಣದುಬ್ಬರ ಇಳಿಕೆ’ ಅನ್ನುತ್ತದೆ. ಎರಡೂ ನಿಜ. ಆದರೆ ನಿಮ್ಮ ಕೈಯಲ್ಲಿರುವ ಅಕ್ಕಿಯ ಬೆಲೆ ಈಗ 70 ರೂಪಾಯಿ ದಾಟಿದೆ. ಗಾಡಿ ನಿಧಾನ ಆಗಿದೆ ಅಷ್ಟೇ, ಹಿಂದಕ್ಕೆ ಬಂದಿಲ್ಲ. ಬೆಲೆಗಳು ನಿಜಕ್ಕೂ ಕೆಳಗೆ ಬರಬೇಕಾದರೆ ಹಣದುಬ್ಬರದ ಅಂಕಿ ಸೊನ್ನೆಗಿಂತ ಕೆಳಗೆ ಹೋಗಬೇಕು. ಅದಕ್ಕೆ ಡಿಫ್ಲೇಶನ್ ಅನ್ನುವ ಬೇರೆ ಹೆಸರೇ ಇದೆ.

2016ರಲ್ಲಿ ಬಂದ ಚೌಕಟ್ಟಿನ ಪ್ರಕಾರ ರಿಸರ್ವ್ ಬ್ಯಾಂಕಿನ ಗುರಿ ಶೇ. 4ರ ಹಣದುಬ್ಬರ, ಎರಡು ಅಂಶ ಆಚೆ ಈಚೆ, ಅಂದರೆ ಶೇ. 2ರಿಂದ 6ರ ನಡುವೆ ಇದ್ದರೆ ನಡೆಯುತ್ತದೆ. ಗಮನಿಸಿ, ಗುರಿ ಸೊನ್ನೆ ಅಲ್ಲ. ಬೆಲೆಗಳು ನಿಧಾನಕ್ಕೆ, ಒಂದೇ ಸಮನೆ ಏರಲಿ ಅನ್ನುವುದೇ ಇದರ ಲೆಕ್ಕಾಚಾರ.

ಜಿಡಿಪಿ ಸುದ್ದಿಯಲ್ಲೂ ಇದೇ ಜಾರುಬಂಡೆ ಇದೆ. ‘ಗ್ರೋತ್ ಡಿಸೆಲರೇಟೆಡ್’ ಅಂದರೆ ದೇಶದ ಆದಾಯ ಕುಗ್ಗಿತು ಅಂತಲ್ಲ. ಆದಾಯ ಬೆಳೆದಿದೆ, ಬೆಳೆಯುವ ದರ ಹಿಂದಿನ ಸಲಕ್ಕಿಂತ ಕಮ್ಮಿ. ಕುಗ್ಗಿದ್ದರೆ ‘ಕಾಂಟ್ರ್ಯಾಕ್ಟೆಡ್’ ಅನ್ನುವ ಪದ ಬರುತ್ತದೆ. ಓದುವಾಗ ಈ ಎರಡು ಪದಗಳ ನಡುವೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಕೊರೊನಾ ದಿನಗಳ ಒಂದು ಲೆಕ್ಕ

ಈ ಪದವನ್ನು ಜಗತ್ತು ಅತಿ ಹೆಚ್ಚು ಗಮನ ಕೊಟ್ಟು ಕೇಳಿದ್ದು ಬಹುಶಃ 2020ರಲ್ಲಿ. ಆ ವರ್ಷ ಮಾರ್ಚ್ 23ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅಧನೋಮ್ ಗೆಬ್ರೆಯೇಸಸ್ ಅವರು ಸಾಂಕ್ರಾಮಿಕ ಆಕ್ಸಿಲರೇಟ್ ಆಗುತ್ತಿದೆ ಅಂದರು. ಬರೀ ಪದ ಹೇಳಿ ಬಿಡಲಿಲ್ಲ, ಅಂಕಿ ಕೊಟ್ಟರು. ಮೊದಲ ಒಂದು ಲಕ್ಷ ಪ್ರಕರಣಕ್ಕೆ ಹಿಡಿದದ್ದು 67 ದಿನ. ಎರಡನೇ ಲಕ್ಷಕ್ಕೆ 11 ದಿನ. ಮೂರನೇ ಲಕ್ಷಕ್ಕೆ ಬರೀ 4 ದಿನ.

ಆಕ್ಸಿಲರೇಟ್ ಅನ್ನುವ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಪ್ರಕರಣಗಳು ಹೆಚ್ಚುತ್ತಿವೆ ಅನ್ನುವುದಷ್ಟೇ ಅಲ್ಲಿ ಸುದ್ದಿ ಆಗಿರಲಿಲ್ಲ. ದಿನಕ್ಕೆ ಒಂದೇ ಸಮನೆ ಸಾವಿರದಂತೆ ಹೆಚ್ಚಿದ್ದರೆ ಪ್ರತಿ ಲಕ್ಷಕ್ಕೂ ನೂರು ನೂರು ದಿನ ಹಿಡಿಯುತ್ತಿತ್ತು. ಒಟ್ಟು ಲೆಕ್ಕ ಏರುತ್ತಿದ್ದರೂ ಆಕ್ಸಿಲರೇಶನ್ ಇರುತ್ತಿರಲಿಲ್ಲ. ಆದರೆ ಆಗ ನಿಜವಾಗಿ ಹೆಚ್ಚುವ ವೇಗವೇ ಹೆಚ್ಚುತ್ತಿತ್ತು, ಆಸ್ಪತ್ರೆಗಳಿಗೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುತ್ತಿರಲಿಲ್ಲ. ಅದೇ ಭಯ.

ವಾಕ್ಯದಲ್ಲಿ ಬಳಸುವುದು ಹೇಗೆ

ಈ ಕ್ರಿಯಾಪದ ಇಂಗ್ಲಿಷಿನಲ್ಲಿ ಎರಡು ರೀತಿ ಕೆಲಸ ಮಾಡುತ್ತದೆ. ತಾನಾಗಿ ವೇಗ ಹೆಚ್ಚುವುದು ಒಂದು: ‘ದ ಬಸ್ ಆಕ್ಸಿಲರೇಟೆಡ್’, ಬಸ್ಸಿನ ವೇಗ ಹೆಚ್ಚಿತು. ಬೇರೆಯವರು ಹೆಚ್ಚಿಸುವುದು ಇನ್ನೊಂದು: ‘ದ ಗವರ್ನ್‌ಮೆಂಟ್ ಆಕ್ಸಿಲರೇಟೆಡ್ ದ ವರ್ಕ್’, ಸರ್ಕಾರ ಕೆಲಸದ ವೇಗ ಹೆಚ್ಚಿಸಿತು. ಕನ್ನಡದಲ್ಲಿ ನಾವು ‘ಹೆಚ್ಚು’ ಮತ್ತು ‘ಹೆಚ್ಚಿಸು’ ಅಂತ ಪದವನ್ನೇ ಬದಲಾಯಿಸುತ್ತೇವೆ. ಇಂಗ್ಲಿಷಿನಲ್ಲಿ ಪದ ಅದೇ ಇರುತ್ತದೆ. ಮುಂದೆ ಕರ್ಮಪದ ಬಂದಿದೆಯೋ ಇಲ್ಲವೋ ಅಂತ ನೋಡಿ ಅರ್ಥ ಮಾಡಿಕೊಳ್ಳಬೇಕು.

ಮೂರನೇ ಅರ್ಥವೂ ಒಂದಿದೆ. ಮುಂದೆ ಎಂದೋ ಆಗಬೇಕಾದದ್ದನ್ನು ಬೇಗ ಆಗುವಂತೆ ಮಾಡುವುದು. ಬೇಸಿಗೆಯ ಸೆಕೆ ದೋಸೆ ಹಿಟ್ಟಿನ ಹುದುಗುವಿಕೆಯನ್ನು ಆಕ್ಸಿಲರೇಟ್ ಮಾಡುತ್ತದೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ಇಟ್ಟರೂ ಉಬ್ಬದ ಹಿಟ್ಟು ಏಪ್ರಿಲ್‌ನಲ್ಲಿ ಬೇಗ ಹುಳಿಯಾಗಿಬಿಡುತ್ತದೆ, ಅಲ್ವಾ? ರಸಾಯನ ವಿಜ್ಞಾನದಲ್ಲಿ, ಕಾಂಕ್ರೀಟ್ ಬೇಗ ಗಟ್ಟಿಯಾಗಲು ಬೆರೆಸುವ ರಾಸಾಯನಿಕಗಳ ವಿಷಯದಲ್ಲಿ ಬರುವುದು ಈ ಅರ್ಥವೇ.

ಕನ್ನಡದವರು ಇಂಗ್ಲಿಷ್ ಬರೆಯುವಾಗ ಹೆಚ್ಚಾಗಿ ಎಡವುವುದು ‘ಆಕ್ಸಿಲರೇಟ್ ದ ಸ್ಪೀಡ್’ ಅಂತ ಬರೆಯುವಲ್ಲಿ. ‘ವೇಗ ಹೆಚ್ಚಿಸು’ ಅನ್ನುವುದನ್ನು ಹಾಗೇ ಎತ್ತಿಟ್ಟ ಹಾಗೆ ಅದು. ಆಕ್ಸಿಲರೇಟ್ ಅನ್ನುವುದರ ಒಳಗೇ ವೇಗ ಇದೆ. ಮತ್ತೆ ಸ್ಪೀಡ್ ಅನ್ನಬೇಕಾಗಿಲ್ಲ. ಸ್ಪೀಡ್ ಪದ ಬೇಕೇ ಬೇಕು ಅಂದರೆ ‘ಇನ್‌ಕ್ರೀಸ್ ದ ಸ್ಪೀಡ್’ ಅನ್ನಿ. ‘ಸ್ಪೀಡ್ ಅಪ್’ ನೋಡಿ ‘ಆಕ್ಸಿಲರೇಟ್ ಅಪ್’ ಅಂತ ಬರೆಯುವವರೂ ಇದ್ದಾರೆ, ಅದೂ ಬೇಡ. ಯಾವ ವೇಗದವರೆಗೆ ಅಂತ ಹೇಳಬೇಕಾದರೆ ‘ಟು’ ಸೇರಿಸಿದರೆ ಸಾಕು: ‘ಆಕ್ಸಿಲರೇಟೆಡ್ ಟು ಸಿಕ್ಸ್ಟಿ’.

ಕಾಗುಣಿತದಲ್ಲಿ ಸಿ ಎರಡು, ಎಲ್ ಒಂದೇ. ಮೊದಲ ಸಿ ‘ಕ’ ಆಗುತ್ತದೆ, ಎರಡನೆಯದು ‘ಸ’. ಆಕ್ಸೆಪ್ಟ್, ಸಕ್ಸೆಸ್ ಪದಗಳಲ್ಲಿ ಆಗುವ ಹಾಗೆ. ಹೇಳುವಾಗ ಒತ್ತು ಎರಡನೇ ಭಾಗಕ್ಕೆ, ‘ಅಕ್‌-ಸೆ-ಲ-ರೇಟ್’ ಅಂತ ‘ಸೆ’ ಮೇಲೆ ಬೀಳಬೇಕು. ನಮ್ಮ ಡ್ರೈವರ್‌ಗಳು ‘ಎಕ್ಸಲೇಟರ್’ ಅನ್ನುತ್ತಾರೆ, ಗಾಡಿ ಓಡುತ್ತದೆ, ತೊಂದರೆ ಇಲ್ಲ. ಆದರೆ ಬರವಣಿಗೆಯಲ್ಲಿ ಅದು ಎಸ್ಕಲೇಟರ್ ಆಗಿಬಿಟ್ಟರೆ ಮೆಟ್ರೋ ಸ್ಟೇಶನ್ನಿನ ಓಡುವ ಮೆಟ್ಟಿಲಾಗುತ್ತದೆ.

ಹತ್ತಿರದ ಪದಗಳು, ಬೇರೆ ಬೇರೆ ಕೆಲಸ

ಸ್ಪೀಡ್ ಅಪ್ ಅನ್ನುವುದು ಮನೆಮಾತಿನ ಪದ, ಆಕ್ಸಿಲರೇಟ್ ಅಚ್ಚುಕಟ್ಟಿನ ಬರವಣಿಗೆಯದು. ಅರ್ಥ ಹೆಚ್ಚುಕಮ್ಮಿ ಒಂದೇ. ಆದರೆ ಸ್ಪೀಡಿಂಗ್ ಅಂದಾಗ ಹುಷಾರಾಗಿರಬೇಕು. ‘ಹಿ ವಾಸ್ ಸ್ಪೀಡಿಂಗ್’ ಅಂದರೆ ಅವನು ಕಾನೂನಿನ ಮಿತಿ ಮೀರಿ ಓಡಿಸುತ್ತಿದ್ದ ಅಂತ. ಗಂಟೆಗೆ 20 ಕಿ.ಮೀ.ಯಿಂದ 25ಕ್ಕೆ ಏರುತ್ತಿರುವವನು ಆಕ್ಸಿಲರೇಟ್ ಮಾಡುತ್ತಿದ್ದಾನೆ, ಅವನಿಗೆ ದಂಡ ಬೀಳುವುದಿಲ್ಲ.

ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಕಾದವರಿಗೆ ‘ಕೈಂಡ್ಲಿ ಎಕ್ಸ್‌ಪಿಡೈಟ್’ ಅನ್ನುವ ಸಾಲು ಗೊತ್ತಿರುತ್ತದೆ. ಫೈಲಿಗೆ ಆಕ್ಸಿಲರೇಟ್ ಒಗ್ಗುವುದಿಲ್ಲ, ಎಕ್ಸ್‌ಪಿಡೈಟ್ ಒಗ್ಗುತ್ತದೆ. ಇದರ ಮೂಲ ಲ್ಯಾಟಿನ್ ಪದಕ್ಕೆ ‘ಕಾಲಿನ ಕಟ್ಟು ಬಿಡಿಸು’ ಅಂತ ಅರ್ಥ. ತಡೆ ತೆಗೆದು ಕೆಲಸ ಮುಗಿಸಿಕೊಡಿ ಅನ್ನುವ ಧ್ವನಿ ಇಂದಿಗೂ ಅದರಲ್ಲಿ ಉಳಿದಿದೆ. ಮನುಷ್ಯರನ್ನು ಅವಸರಪಡಿಸಲು ‘ಹರಿ’ ಅನ್ನುವ ಇಂಗ್ಲಿಷ್ ಪದ ಇದೆ. ‘ಡೋಂಟ್ ಹರಿ ಮಿ’ ಅನ್ನುತ್ತೇವೆ, ‘ಡೋಂಟ್ ಆಕ್ಸಿಲರೇಟ್ ಮಿ’ ಅನ್ನುವುದಿಲ್ಲ. ಎದೆಬಡಿತ, ಹೆಜ್ಜೆಗಳಿಗೆ ಕ್ವಿಕನ್ ಚೆನ್ನಾಗಿ ಹೊಂದುತ್ತದೆ. ಹೇಸನ್ ಅನ್ನುವುದು ಸಾವು, ಸೋಲು, ಕುಸಿತದಂಥ ಕೊನೆಗಳನ್ನು ಹತ್ತಿರ ತರುವಾಗ ಹೆಚ್ಚಾಗಿ ಕಾಣುತ್ತದೆ.

ಐಟಿ ಕಂಪನಿಗಳಲ್ಲಿ ದಿನಾ ಕೇಳುವ ಎಸ್ಕಲೇಟ್ ಬೇರೆಯೇ ಪದ. ‘ಐ ವಿಲ್ ಎಸ್ಕಲೇಟ್ ದಿಸ್’ ಅಂದರೆ ವಿಷಯವನ್ನು ಮೇಲಿನವರ ಗಮನಕ್ಕೆ ತರುತ್ತೇನೆ ಅಂತ. ಜಗಳ, ಯುದ್ಧ ಎಸ್ಕಲೇಟ್ ಆಯಿತು ಅಂದರೆ ಅದರ ತೀವ್ರತೆ ಹೆಚ್ಚಿತು. ಅಲ್ಲಿ ವೇಗದ ಮಾತೇ ಇಲ್ಲ.

ಬೋರ್ಡಿನ ಮೇಲೆ ಕಾಣುವ ಆಕ್ಸಿಲರೇಟರ್‌ಗಳು

ಕ್ಯಾನ್ಸರ್ ಆಸ್ಪತ್ರೆಯಲ್ಲಿ ‘ಲೀನಿಯರ್ ಆಕ್ಸಿಲರೇಟರ್’ ಅನ್ನುವ ಬೋರ್ಡ್ ನೋಡಿ ಗಾಬರಿಯಾಗುವವರು ಇದ್ದಾರೆ. ರೇಡಿಯೋಥೆರಪಿ ಕೊಡುವ ಯಂತ್ರ ಅದು. ಇಲೆಕ್ಟ್ರಾನ್ ಅನ್ನುವ ಅತಿ ಸಣ್ಣ ಕಣಗಳನ್ನು ನೇರ ಕೊಳವೆಯೊಂದರಲ್ಲಿ ಬೆಳಕಿನ ವೇಗದ ಹತ್ತಿರಕ್ಕೆ ಆಕ್ಸಿಲರೇಟ್ ಮಾಡಿ, ಟಂಗ್‌ಸ್ಟನ್‌ನಂಥ ಲೋಹಕ್ಕೆ ಬಡಿಸುತ್ತದೆ. ಅದರಿಂದ ಹೊರಡುವ ಬಲವಾದ ಎಕ್ಸ್-ರೇಗಳನ್ನು ಗಡ್ಡೆಯ ಕಡೆಗೆ ಬಿಡುತ್ತಾರೆ. ಆಕ್ಸಿಲರೇಟ್ ಆಗುವುದೆಲ್ಲ ಯಂತ್ರದ ಒಳಗೆ, ರೋಗಿ ಅಲುಗಾಡದೆ ಮಲಗಿದ್ದರೆ ಸಾಕು.

ಜಿನೀವಾ ಹತ್ತಿರ ನೆಲದಡಿಯಲ್ಲಿ 27 ಕಿ.ಮೀ. ಸುತ್ತಳತೆಯ ದೊಡ್ಡ ಬಳೆಯಂಥ ಯಂತ್ರ ಇದೆ, ಅತಿ ಸಣ್ಣ ಕಣಗಳ ಬಗ್ಗೆ ಸಂಶೋಧನೆ ಮಾಡುವ ಸರ್ನ್ ಸಂಸ್ಥೆಯದು. ಅದೂ ಆಕ್ಸಿಲರೇಟರೇ. ಸ್ಟಾರ್ಟಪ್ ಲೋಕದ ಆಕ್ಸಿಲರೇಟರ್ ಮಾತ್ರ ಯಂತ್ರ ಅಲ್ಲ. ಎಳೆಯ ಕಂಪನಿಗಳನ್ನು ಕೆಲವು ತಿಂಗಳು ಕೂರಿಸಿಕೊಂಡು ಹಣ, ಸಲಹೆ, ಪರಿಚಯ ಕೊಟ್ಟು ಬೇಗ ಬೆಳೆಯುವಂತೆ ಮಾಡುವ ಸಂಸ್ಥೆ. 2005ರಲ್ಲಿ ಅಮೆರಿಕದಲ್ಲಿ ಶುರುವಾದ ವೈ ಕಾಂಬಿನೇಟರ್ ಇದಕ್ಕೆ ದಾರಿ ಹಾಕಿಕೊಟ್ಟಿತು. ಬೆಂಗಳೂರಿನಲ್ಲೂ ಇಂಥವು ಇವೆ.

ಸಹಿ ಹಾಕುವ ಕಾಗದಗಳಲ್ಲಿ

ಈ ಪದ ಜೇಬಿಗೆ ನೇರವಾಗಿ ತಟ್ಟುವುದು ಕಾನೂನಿನ ಕಾಗದಗಳಲ್ಲಿ. ಅಲ್ಲಿ ವೇಗದ ಮಾತು ಬರುವುದಿಲ್ಲ. ಮುಂದಿನ ದಿನಾಂಕವನ್ನು ಈಗಲೇ ತರುವುದು ಅನ್ನುವ ಅರ್ಥ ಮಾತ್ರ ಉಳಿದಿರುತ್ತದೆ.

ಬೆಂಗಳೂರಿನ ಎಷ್ಟೋ ಮಂದಿ ಟೆಕ್ಕಿಗಳಿಗೆ ಸಂಬಳದ ಜೊತೆ ಕಂಪನಿಯ ಷೇರುಗಳ ಹಕ್ಕೂ ಸಿಗುತ್ತದೆ. ಅದು ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿ, ಸ್ವಲ್ಪ ಸ್ವಲ್ಪವಾಗಿ ನಿಮ್ಮದಾಗುತ್ತದೆ. ಇದಕ್ಕೆ ವೆಸ್ಟಿಂಗ್ ಅನ್ನುತ್ತಾರೆ. ಒಪ್ಪಂದದಲ್ಲಿ ‘ಆಕ್ಸಿಲರೇಟೆಡ್ ವೆಸ್ಟಿಂಗ್’ ಅನ್ನುವ ಸಾಲು ಇದ್ದರೆ, ಕಂಪನಿ ಬೇರೆಯವರಿಗೆ ಮಾರಾಟವಾದಂಥ ಸಂದರ್ಭದಲ್ಲಿ ಬಾಕಿ ಇರುವ ಷೇರುಗಳು, ಪೂರ್ತಿಯಾಗಿಯೋ ಒಂದಷ್ಟು ಭಾಗವೋ, ಆಗಲೇ ನಿಮ್ಮದಾಗುತ್ತವೆ. ಕೆಲವು ಒಪ್ಪಂದಗಳಲ್ಲಿ ಮಾರಾಟ ಒಂದೇ ಸಾಲುತ್ತದೆ. ಇನ್ನು ಕೆಲವದರಲ್ಲಿ ಮಾರಾಟದ ಜೊತೆಗೆ ನಿಮ್ಮನ್ನು ಕೆಲಸದಿಂದ ತೆಗೆದಿರಬೇಕು. ಮೊದಲನೆಯದಕ್ಕೆ ಸಿಂಗಲ್ ಟ್ರಿಗರ್, ಎರಡನೆಯದಕ್ಕೆ ಡಬಲ್ ಟ್ರಿಗರ್ ಅಂತ ಹೆಸರು.

ಸಾಲದ ಕರಾರಿನಲ್ಲಿ ಬರುವ ‘ಆಕ್ಸಿಲರೇಶನ್ ಕ್ಲಾಝ್’ ಅನ್ನುವ ಷರತ್ತಿನ ಸಾಲು ಇದರ ಇನ್ನೊಂದು ಮುಖ. ಇಪ್ಪತ್ತು ವರ್ಷದಲ್ಲಿ ಕಂತುಕಂತಾಗಿ ತೀರಿಸಬೇಕಾದ ಮನೆ ಸಾಲ ಅಂದುಕೊಳ್ಳಿ. ಕರಾರಿನಲ್ಲಿ ಹೇಳಿದ ಯಾವುದಾದರೂ ಷರತ್ತು ಮುರಿದುಬಿದ್ದರೆ, ಉಳಿದ ಕಂತುಗಳಿಗೆ ಕಾಯದೆ ಬಾಕಿ ಹಣವನ್ನೆಲ್ಲ ಒಟ್ಟಿಗೆ ಕೇಳುವ ಹಕ್ಕು ಸಾಲ ಕೊಟ್ಟವರಿಗೆ ಈ ಸಾಲಿನಿಂದ ಬರುತ್ತದೆ. ಕಂತು ತಪ್ಪುವುದು ಇದಕ್ಕೆ ಸಾಮಾನ್ಯ ಕಾರಣ. ಆದರೆ ಅದೊಂದೇ ಇರಬೇಕು ಅಂತಿಲ್ಲ. ಅಡವಿಟ್ಟ ಆಸ್ತಿಯನ್ನು ತಿಳಿಸದೆ ಮಾರುವುದು, ವಿಮೆ ಕಟ್ಟದೆ ಬಿಡುವುದು, ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿರುವುದು ಕೂಡ ಪಟ್ಟಿಯಲ್ಲಿ ಇರಬಹುದು. ಆದ್ದರಿಂದ ಸಹಿ ಹಾಕುವ ಮೊದಲು ‘ಈವೆಂಟ್ಸ್ ಆಫ್ ಡಿಫಾಲ್ಟ್’ ಅನ್ನುವ ಭಾಗವನ್ನು ಹುಡುಕಿ ಪೂರ್ತಿ ಓದಿ. ಎಷ್ಟು ಕಂತು ತಪ್ಪಿದರೆ ಇದು ಜಾರಿಯಾಗುತ್ತದೆ, ಮೊದಲು ನೋಟಿಸ್ ಕೊಡುತ್ತಾರಾ, ಸರಿಪಡಿಸಿಕೊಳ್ಳಲು ಎಷ್ಟು ದಿನ ಸಿಗುತ್ತದೆ ಅಂತ ಅಧಿಕಾರಿಯನ್ನು ಕೇಳಿ, ಉತ್ತರ ಕರಾರಿನಲ್ಲಿ ಯಾವ ಪುಟದಲ್ಲಿದೆ ಅಂತ ತೋರಿಸಲು ಹೇಳಿ.